ಅದೇ ಕೋಟೆ, ಅದೇ ನೆರೆಯವನು: ಬಿಜಾಪುರದ ಪತನ ಕಲಿಸುವ ಪಾಠ

ನಮ್ಮ ಬೇಡಕಿಹಾಳದ ಕಡೆಯಿಂದ ವಿಜಯಪುರಕ್ಕೆ ಹೋದವರು ಗೋಳಗುಮ್ಮಟದ ಪ್ರತಿಧ್ವನಿಗೆ ಬೆರಗಾಗಿ ಮರಳುತ್ತಾರೆ. ಅಲ್ಲಿ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್ ಶಾಹನನ್ನು ಕಾಡಿದ ಪ್ರಶ್ನೆಯನ್ನು ನೆನೆಯುವವರು ವಿರಳ: ಬಲಾಢ್ಯನ ಮಗ್ಗುಲಲ್ಲಿ ಸಣ್ಣ ರಾಜ್ಯವೊಂದು ಬದುಕುವುದು ಹೇಗೆ?

1636ರಲ್ಲಿ ಆತನು ಮೊಗಲ್ ಚಕ್ರವರ್ತಿ ಶಹಜಹಾನನ ಮೇಲಾಧಿಪತ್ಯವನ್ನು ಒಪ್ಪಿ, 20 ಲಕ್ಷ ರೂಪಾಯಿ ಕಪ್ಪ ತೆರಲು ಸಮ್ಮತಿಸಿದನು. ಆ ಒಪ್ಪಂದ ಸುಮಾರು ಎರಡು ದಶಕಗಳ ನೆಮ್ಮದಿಯನ್ನು ನೀಡಿತು. ಆದರೆ 1656ರಲ್ಲಿ ಸುಲ್ತಾನನು ತೀರಿಕೊಂಡ ಮರುವರ್ಷವೇ ಶಹಜಾದಾ ಔರಂಗಜೇಬನು ದಂಡೆತ್ತಿ ಬಂದು ಬೀದರ್ ಮತ್ತು ಕಲ್ಯಾಣಗಳನ್ನು ವಶಪಡಿಸಿಕೊಂಡನು. ಬಲಿಷ್ಠನು ಬರೆದುಕೊಟ್ಟ ಕಾಗದಕ್ಕೆ ಅವನ ಇಚ್ಛೆ ಇರುವತನಕ ಮಾತ್ರ ಬೆಲೆ!

1665ರ ಕೊನೆಯಲ್ಲಿ ರಾಜಾ ಜೈಸಿಂಹನ ನೇತೃತ್ವದ ಮೊಗಲ್ ಸೈನ್ಯ ಬಿಜಾಪುರದ ಸಮೀಪಕ್ಕೆ ಬಂದಿತು. ಎರಡನೆಯ ಅಲಿ ಆದಿಲ್ ಶಾಹನ ಜನರು ನಗರದ ಸುತ್ತಲಿನ ಬಾವಿಗಳನ್ನು ಕೆಡಿಸಿದರು, ಕೆರೆಗಳನ್ನು ಒಡೆದರು. ಗೋಲ್ಕೊಂಡದಿಂದ ನೆರವಿನ ಸೈನ್ಯ ಬಂದಿತು. ನೀರು ಮೇವುಗಳಿಲ್ಲದೆ ಜೈಸಿಂಹನು 1666ರ ಆರಂಭದಲ್ಲಿ ಹಿಮ್ಮೆಟ್ಟಿದನು. ಸಣ್ಣ ರಾಜ್ಯ ಉಳಿಯಿತು.

1672ರಲ್ಲಿ ಅಲಿಯು ಮೃತನಾದಾಗ ಪಟ್ಟವೇರಿದ ಸಿಕಂದರ್ ಎಳೆಯ ಬಾಲಕ. ಅಧಿಕಾರಕ್ಕಾಗಿ ಅಫ್ಘಾನ್, ದಖನಿ ಮತ್ತು ಹಬ್ಶಿ ಸರದಾರರು ಕಾದಾಡಿದರು. ಬಹಲೋಲ್ ಖಾನನು ರಾಜಪ್ರತಿನಿಧಿ ಖವಾಸ್ ಖಾನನನ್ನು ಸೆರೆಹಿಡಿದು ಕೊಲ್ಲಿಸಿದನು. ಸಂಬಳವಿಲ್ಲದ ಸೈನಿಕರು ಚದುರಿದರು. ಕೆಲವು ಸರದಾರರು ಮೊಗಲರ ಪಾಳೆಯವನ್ನೇ ಸೇರಿದರು.

1685ರಲ್ಲಿ ಮುತ್ತಿಗೆ ಆರಂಭವಾಯಿತು. ಮುಸ್ಲಿಮರ ಮೇಲೆ ಮುಸ್ಲಿಮರ ಈ ಯುದ್ಧಕ್ಕೆ ಶರೀಅತ್ತಿನಲ್ಲಿ ಏನು ಆಧಾರವೆಂದು ಬಿಜಾಪುರದ ಉಲಮಾಗಳು ಔರಂಗಜೇಬನನ್ನೇ ಪ್ರಶ್ನಿಸಿದರೆಂಬ ವೃತ್ತಾಂತವಿದೆ. ಮುತ್ತಿಗೆ ಮಾತ್ರ ನಿಲ್ಲಲಿಲ್ಲ. ಸಾಮ್ರಾಜ್ಯದ ಹಸಿವಿಗೆ ಧರ್ಮದ ಬಾಂಧವ್ಯ ಅಡ್ಡಿಯಾಗದೆಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷ್ಯ ಬೇಕಿಲ್ಲ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಶರಣಾದನು. ಸುಮಾರು ಎರಡು ಶತಮಾನಗಳ ಆದಿಲ್ ಶಾಹಿ ಆಳ್ವಿಕೆ ಮುಗಿಯಿತು. ಕೊನೆಯ ಸುಲ್ತಾನನು 1700ರಲ್ಲಿ ಸೆರೆಯಲ್ಲೇ ಮರಣ ಹೊಂದಿದನು.

ಪ್ರಿಯ ಓದುಗರೇ, ಎರಡು ಸಲವೂ ಕೋಟೆ ಅದೇ, ನೆರೆಯವನೂ ಅವನೇ. 1686ರಲ್ಲಿ ಅವನ ಬಲ ಹೆಚ್ಚಿತ್ತೆಂಬುದು ನಿಜ. ಐಕ್ಯವೊಂದೇ ರಾಜ್ಯವನ್ನು ಎಂದೆಂದಿಗೂ ಉಳಿಸುತ್ತಿತ್ತೆಂದು ಹೇಳಲಾಗದು. ಆದರೆ ಮೊಗಲ್ ತೋಪುಗಳು ಗೋಡೆಯನ್ನು ಮುಟ್ಟುವ ಮೊದಲೇ ಒಳಗಿನ ಗೋಡೆ ಬಿದ್ದಿತ್ತು. ಪರಸ್ಪರ ಕಲಹದಿಂದ ಎದೆಗುಂದಿ ಬಲ ಕಳೆದುಕೊಳ್ಳುವಿರೆಂದು ಪವಿತ್ರ ಕುರ್‌ಆನಿನ ಅನ್ಫಾಲ್ ಅಧ್ಯಾಯ ಎಚ್ಚರಿಸುತ್ತದೆ. ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಪ್ರತಿಧ್ವನಿಯೊಂದಿಗೆ ಈ ಚರಿತ್ರೆಯನ್ನೂ ಕೇಳಿಸೋಣ.