ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಫಿಜಿಯೋಥೆರಪಿ ಮತ್ತು ಸಂವೇದನಾ ಚಿಕಿತ್ಸೆ: ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳ ಪಾಲಕರಿಗೆ ಮಾಹಿತಿ

ಡೌನ್ ಸಿಂಡ್ರೋಮ್ ಎಂದರೇನು?

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. 21ನೆಯ ವರ್ಣತಂತು ಎರಡಕ್ಕೆ ಬದಲಾಗಿ ಮೂರು ಇದ್ದಲ್ಲಿ ಉಂಟಾಗುವ ಸ್ಥಿತಿಯನ್ನು ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಇದನ್ನು 1866ರಲ್ಲಿ ವಿವರಿಸಿದರು. ಕಾರಣ ತಿಳಿದುಬಂದದ್ದು 1959ರಲ್ಲಿ. ಗರ್ಭಿಣಿಯು ಗ್ರಹಣ ನೋಡಿದ್ದರಿಂದಾಗಲಿ, ಯಾವುದೋ ಪದಾರ್ಥ ತಿಂದಿದ್ದರಿಂದಾಗಲಿ ಇದು ಬರುವುದಿಲ್ಲ. ತಾಯಿಯನ್ನು ದೂಷಿಸುವುದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಚಿಕಿತ್ಸೆಯ ಅವಶ್ಯಕತೆ

ಈ ಮಕ್ಕಳಲ್ಲಿ ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳು ಸಡಿಲ. ಎತ್ತಿಕೊಂಡಾಗ ಮಗು ಕೈಯಿಂದ ಜಾರಿದಂತೆ ಭಾಸವಾಗುತ್ತದೆ. ಮಲಗಿಸಿದಾಗ ತೊಡೆಗಳು ಕಪ್ಪೆಯ ಕಾಲಿನಂತೆ ಎರಡೂ ಬದಿಗೆ ಅಗಲವಾಗಿ ಬೀಳುತ್ತವೆ. ಕುಳಿತುಕೊಳ್ಳುವುದು, ನಿಲ್ಲುವುದು ತಡವಾಗುತ್ತದೆ. ನಡಿಗೆ ಸಾಮಾನ್ಯವಾಗಿ 2 ವರ್ಷದ ಆಸುಪಾಸಿನಲ್ಲಿ, ಕೆಲವರಲ್ಲಿ 3-4 ವರ್ಷಕ್ಕೆ ಬರುತ್ತದೆ.

ಬಹುತೇಕ ಮಕ್ಕಳು ತಡವಾಗಿಯಾದರೂ ನಡೆದೇ ನಡೆಯುತ್ತಾರೆ. ಹಾಗಾದರೆ ಫಿಜಿಯೋಥೆರಪಿ ಏಕೆ ಎಂಬ ಪ್ರಶ್ನೆ ಪಾಲಕರಿಂದ ಬರುವುದು ಸಹಜ. ಬಲ ಸಾಲದ ಮಗು ತನ್ನದೇ ಸುಲಭೋಪಾಯ ಕಂಡುಕೊಳ್ಳುತ್ತದೆ: ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ಹಿಂದಕ್ಕೆ ಬಿಗಿದು ನಿಲ್ಲುತ್ತದೆ, ಬೆನ್ನು ಬಾಗಿಸಿ ಕೂರುತ್ತದೆ. ಇದೇ ರೂಢಿಯಾದಲ್ಲಿ ಮುಂದೆ ಪಾದ, ಮೊಣಕಾಲು, ಬೆನ್ನಿನ ನೋವಿಗೆ ಎಡೆಯಾಗುತ್ತದೆ. ಆದ್ದರಿಂದ ಎಷ್ಟು ಬೇಗ ನಡೆಯಿತು ಎಂಬುದಕ್ಕಿಂತ ಹೇಗೆ ನಡೆಯಿತು ಎಂಬುದೇ ಮುಖ್ಯ. ನೆರೆಮನೆಯ ಮಗುವಿನೊಡನೆ ತಿಂಗಳುಗಳ ಲೆಕ್ಕ ಹೋಲಿಸುವುದರಿಂದ ಪ್ರಯೋಜನವಿಲ್ಲ.

ಮೊದಲು ಮಾಡಿಸತಕ್ಕ ತಪಾಸಣೆಗಳು

ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಹೃದಯದ ಎಕೋ ಪರೀಕ್ಷೆಯಾಗದೆ ವ್ಯಾಯಾಮ ಆರಂಭಿಸತಕ್ಕದ್ದಲ್ಲ. ಥೈರಾಯಿಡ್, ಶ್ರವಣ ಮತ್ತು ದೃಷ್ಟಿ ಪರೀಕ್ಷೆಗಳನ್ನೂ ಮಾಡಿಸಬೇಕು.

ಮನೆಯಲ್ಲಿ ನಡೆಯಬೇಕಾದ ಕೆಲಸ

ಅಂಕೋಲಾದಿಂದ ಕಾರವಾರಕ್ಕೆ ಸುಮಾರು 35 ಕಿ.ಮೀ. ಹಳ್ಳಿಯಿಂದ ಬಸ್ ಹಿಡಿದು ಬರುವ ತಾಯಿಗೆ ಅರ್ಧ ಗಂಟೆಯ ಚಿಕಿತ್ಸೆಗೆ ಇಡೀ ದಿನ ಹೋಗುತ್ತದೆ, ಆ ದಿನದ ಕೂಲಿಯೂ ಹೋಗುತ್ತದೆ. ಆದುದರಿಂದ ಆಸ್ಪತ್ರೆಯ ಭೇಟಿಯನ್ನು ಕಲಿಯುವ ದಿನವೆಂದು ಪರಿಗಣಿಸಿ, ಅಭ್ಯಾಸವನ್ನು ಮನೆಯಲ್ಲಿ ದಿನವೂ ನಡೆಸುವುದು ಸೂಕ್ತ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾಲಕರೇ ಮನೆಯಲ್ಲಿ ಸಣ್ಣ ಟ್ರೆಡ್‌ಮಿಲ್ ಮೇಲೆ ಮಗುವನ್ನು ಹಿಡಿದು ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ ಹೆಜ್ಜೆ ಹಾಕಿಸಿದರು. ಆ ಮಕ್ಕಳು ಉಳಿದವರಿಗಿಂತ ಸುಮಾರು 100 ದಿನ ಮೊದಲು ನಡೆದರು. ಯಂತ್ರ ಎಲ್ಲರಿಗೂ ದೊರೆಯದು. ಆದರೆ ದಿನಕ್ಕೆ ಎಂಟು ನಿಮಿಷ ಎಲ್ಲರಲ್ಲಿಯೂ ಇದೆ.

ಎಚ್ಚರವಿದ್ದಾಗ ಮಗುವನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಆಟಿಕೆಯನ್ನು ಎದುರಿಗೆ ಹಿಡಿಯುವುದು, ಎತ್ತಿಕೊಂಡಾಗ ತೊಡೆಗಳೆರಡನ್ನೂ ಜೊತೆಯಾಗಿ ಹಿಡಿಯುವುದು, ಬೆನ್ನಿಗೆ ಆಧಾರ ಕೊಟ್ಟು ಕೂರಿಸುವುದು ಮೊದಲ ತಿಂಗಳುಗಳ ಅಭ್ಯಾಸಗಳು.

ಕರಾವಳಿಯಲ್ಲಿ ಶಿಶುವಿಗೆ ತೆಂಗಿನೆಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವ ಪದ್ಧತಿ ಇದೆ. ಎಣ್ಣೆ ನೀವುವುದು ಒಳ್ಳೆಯದೇ; ಸ್ಪರ್ಶದ ಅನುಭವವಾಗುತ್ತದೆ, ತಾಯಿ ಮಗುವಿನ ನಂಟು ಬೆಳೆಯುತ್ತದೆ. ಆದರೆ ಕೈಕಾಲು ಎಳೆದು ಮಡಚುವುದು, ತೋಳು ಹಿಡಿದು ಎತ್ತುವುದು, ತಲೆಕೆಳಗು ಮಾಡಿ ಕುಲುಕುವುದು ಈ ಮಕ್ಕಳಿಗೆ ಸಲ್ಲದು. ಸಡಿಲವಾದ ಕೀಲು ಮತ್ತು ಕುತ್ತಿಗೆಗೆ ಪೆಟ್ಟಾಗಬಹುದು. ಮೀಯಿಸುವ ಅಜ್ಜಿಯರಿಗೆ ಇದನ್ನು ಮುಂಚಿತವಾಗಿ, ಗೌರವಪೂರ್ವಕವಾಗಿ ತಿಳಿಸತಕ್ಕದ್ದು.

ಸಂವೇದನಾ ಚಟುವಟಿಕೆಗಳು

ಕೆಲವು ಮಕ್ಕಳು ಒರಟು ವಸ್ತು ಮುಟ್ಟಲು, ಗಟ್ಟಿ ಆಹಾರ ನುಂಗಲು, ದೊಡ್ಡ ಶಬ್ದ ಕೇಳಲು ಹಿಂಜರಿಯುತ್ತಾರೆ. ಕೆಲವರಿಗೆ ಸ್ಪರ್ಶ, ನೋವು ಬೇಗ ತಿಳಿಯುವುದಿಲ್ಲ. ಸಂವೇದನಾ ಚಿಕಿತ್ಸೆಯ ಪರಿಣಾಮದ ಬಗ್ಗೆ ದೊರೆತಿರುವ ಪುರಾವೆ ಫಿಜಿಯೋಥೆರಪಿಯಷ್ಟು ಗಟ್ಟಿಯಾಗಿಲ್ಲ. ದುಬಾರಿ ಸಲಕರಣೆಗಳಿಗೆ ಸಾಲ ಮಾಡುವ ಅಗತ್ಯ ಕಂಡುಬರುವುದಿಲ್ಲ. ಪಾತ್ರೆಯಲ್ಲಿ ಅಕ್ಕಿ, ತೆಂಗಿನ ನಾರು, ಒದ್ದೆ ಬಟ್ಟೆ, ಬೆಚ್ಚಗಿನ ನೀರು ಸಾಕು. ಸಣ್ಣ ವಸ್ತುಗಳನ್ನು ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಕಾರವಾರದ ಟ್ಯಾಗೋರ್ ಕಡಲತೀರ, ಅಂಕೋಲಾದ ನದಿಬಾಗ ಕಡಲತೀರಗಳಿಗೆ ಶುಲ್ಕವಿಲ್ಲದೆ ಹೋಗಬಹುದು. ಹೊಸದಾಗಿ ನಡೆಯುವ ಮಗುವಿಗೆ ಒಣ ಹೊಯಿಗೆಯಲ್ಲಿ ಪಾದ ಹೂತು ಕಣಕಾಲು ಹೊರಳುತ್ತದೆ. ನೀರಿನಂಚಿನ ಗಟ್ಟಿ ಮರಳೇ ಮೇಲು. ಒಣ ಮರಳು ಕುಳಿತು ಆಡುವುದಕ್ಕಿರಲಿ. ಅಲೆಯ ಹತ್ತಿರ ಕೈ ಬಿಡಬಾರದು. ಮಗು ಅತ್ತರೆ ಒತ್ತಾಯಿಸಬಾರದು.

ವಿಶೇಷ ಎಚ್ಚರಿಕೆ

ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಅಸ್ಥಿರವಾಗಿರುತ್ತದೆ. ಪಲ್ಟಿ ಹೊಡೆಸುವುದು ಬೇಡ. ಕುತ್ತಿಗೆ ನೋವು, ತಲೆ ವಾಲುವುದು, ನಡಿಗೆಯಲ್ಲಿ ಹಠಾತ್ ಬದಲಾವಣೆ, ಕೈಕಾಲಿನ ಬಲ ಕುಂದುವುದು, ಮಲಮೂತ್ರದ ಹತೋಟಿ ತಪ್ಪುವುದು ಕಂಡಲ್ಲಿ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣತಕ್ಕದ್ದು.

ಸೌಲಭ್ಯಗಳು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದ್ದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಅಂಕೋಲಾ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ಬೌದ್ಧಿಕ ವಿಕಲತೆಯ ಪ್ರಮಾಣಪತ್ರ ಹಾಗೂ ಯುಡಿಐಡಿ ಚೀಟಿಗೆ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿ ವೆಚ್ಚವೂ ಅದರಲ್ಲಿ ಸೇರಿದೆ. ಬಿಲ್ಲು, ರಸೀದಿಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಳ್ಳುವುದು ಒಳಿತು, ರಸೀದಿ ಇಲ್ಲದ ಖರ್ಚು ಮರಳಿ ಬರುವುದಿಲ್ಲ. ವಿಕಲಚೇತನರಿಗೆ ರಿಯಾಯಿತಿ ದರದ ಬಸ್ ಪಾಸ್ ಇದೆ. ರಾಜ್ಯದ ಮಹಿಳೆಯರಿಗೆ ಜೂನ್ 2023ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತವಿರುವುದರಿಂದ ತಾಯಿಗೆ ಟಿಕೆಟ್ ವೆಚ್ಚವಿಲ್ಲ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದಾಗಿದೆ.