ಅರ್ಬುದದ ರಕ್ತನಾಳಗಳೂ ಕಿಣ್ವಗಳ ಇಮ್ಮುಖ ವ್ಯಾಪಾರವೂ: ರೇಷ್ಮೆಗೂಡಿನ ನಿದರ್ಶನದಿಂದ ಒಂದು ಮರುವಿಚಾರ

ಅರ್ಬುದದೊಳಕ್ಕೆ ಹೊಸ ರಕ್ತನಾಳಗಳು ಹಬ್ಬುವಾಗ ಪ್ರೋಟೀನುಭೇದಕ ಕಿಣ್ವಗಳು ಅವುಗಳಿಗೆ ದಾರಿ ಕಡಿದುಕೊಡುತ್ತವೆ, ಆದಕಾರಣ ಆ ಕಿಣ್ವಗಳನ್ನು ತಡೆದರೆ ನಾಳಗಳು ನಿಲ್ಲುತ್ತವೆ, ನಾಳಗಳು ನಿಂತರೆ ಅರ್ಬುದವು ಸೊರಗುತ್ತದೆ ಎಂಬ ವಾದಸರಣಿಯು ಕಳೆದ ಶತಮಾನದ ಕೊನೆಯ ದಶಕದಲ್ಲಿ ವೈದ್ಯವಿಜ್ಞಾನಿಗಳಲ್ಲಿ ಬಹುಮಾನ್ಯವಾಗಿತ್ತು. ಈ ಸರಣಿಯ ಮೊದಲ ಮೆಟ್ಟಿಲು ಗಟ್ಟಿಯಾದುದೇ. ಎರಡನೆಯದು ಅಷ್ಟು ಗಟ್ಟಿಯಲ್ಲವೆಂಬುದನ್ನು, ರಾಮನಗರ ಸೀಮೆಯ ರೈತರೂ ರೀಲರುಗಳೂ ದಿನವೂ ಕೈಯಲ್ಲಿ ಹಿಡಿಯುವ ರೇಷ್ಮೆಗೂಡಿನ ಸಹಾಯದಿಂದ ನಿರೂಪಿಸುವುದು ಈ ಲೇಖನದ ಉದ್ದೇಶ.

ನಿರ್ವಿವಾದವಾದ ಅಂಶಗಳನ್ನು ಮೊದಲು ಸಂಗ್ರಹಿಸಬಹುದು. ರಕ್ತದ ಪೂರೈಕೆಯಿಲ್ಲದ ಅರ್ಬುದವು ಕೆಲವೇ ಮಿಲಿಮೀಟರುಗಳನ್ನು ಮೀರಿ ಬೆಳೆಯಲಾರದೆಂದೂ, ನಾಳಜನನವನ್ನು ತಡೆಯುವುದೇ ಒಂದು ಚಿಕಿತ್ಸೆಯಾದೀತೆಂದೂ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು. ನಾಳಗಳನ್ನು ಬೆಳೆಯಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಫೆರಾರ ಮತ್ತು ಹೆನ್ಜೆಲ್ 1989ರಲ್ಲಿ ವರ್ಣಿಸಿದರು. ಅದಕ್ಕೂ ಬಹು ಹಿಂದೆ, 1962ರಲ್ಲಿ, ಗ್ರಾಸ್ ಮತ್ತು ಲಾಪಿಯೇರ್ ಕೊಲಾಜೆನನ್ನು ಕಡಿಯುವ ಕಿಣ್ವವನ್ನು ಗೊದಮೊಟ್ಟೆಯ ಕರಗುವ ಬಾಲದಲ್ಲಿ ಗುರುತಿಸಿದ್ದರು. ಆ ವಂಶದ ಕಿಣ್ವಗಳೇ ಇಂದು ಎಂಎಂಪಿಗಳೆಂದು ಪ್ರಸಿದ್ಧವಾಗಿವೆ. ನಮ್ಮ ನಾಡಿನಲ್ಲಿಯೂ ಈ ವಿಷಯ ಅಪರಿಚಿತವಲ್ಲ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭಾರತಿ ಸಾಲಿಮಠ ಮತ್ತು ಅವರ ಸಂಗಡಿಗರು, ಅರಿಸಿನದ ಕರ್ಕ್ಯುಮಿನ್ ಇಲಿಗಳ ಎರ್ಲಿಕ್ ಅರ್ಬುದದಲ್ಲಿ ನಾಳಜನನವನ್ನು ಕುಗ್ಗಿಸುವ ಬಗೆಯನ್ನು 2002ರಲ್ಲಿ ಪ್ರಕಟಿಸಿದರು.

ಇನ್ನು ಗೂಡಿನ ವಿಚಾರ. ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಚಂದ್ರಿಕೆಯಿಂದ ಬಿಡಿಸಿ ತಂದ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಕೊಂಡ ರೀಲರು, ಚಿಟ್ಟೆ ಹೊರಬೀಳುವ ಮುನ್ನವೇ ಅದನ್ನು ಬೇಯಿಸುತ್ತಾರೆ. ಬಿಸಿಗೆ ಸೆರಿಸಿನ್ ಎಂಬ ಅಂಟು ಸಡಿಲಗೊಂಡು, ನೂರಾರು ಮೀಟರು ಉದ್ದದ ಎಳೆ ಬಿಚ್ಚಿಕೊಳ್ಳುತ್ತದೆ. ಬಿತ್ತನೆ ಕೋಠಿಯಲ್ಲಾದರೋ, ಮೊಟ್ಟೆಗಾಗಿ ಉಳಿಸಿಕೊಂಡು ಕತ್ತರಿಸದೆ ಬಿಟ್ಟ ಗೂಡಿನ ಒಂದು ತುದಿ ಬೆಳಗಿನ ಹೊತ್ತಿಗೆ ಒದ್ದೆಯಾಗಿ, ಎಳೆಗಳು ಅತ್ತಿತ್ತ ಸರಿದು, ನಡುವೆ ಚಿಟ್ಟೆಯ ತಲೆ ತೂರಿಬರುತ್ತದೆ. ಚಿಟ್ಟೆ ಕಚ್ಚಿ ತೂತು ಮಾಡಿತೆನ್ನುವವರುಂಟು. ಆದರೆ ಅದಕ್ಕೆ ಕಚ್ಚುವ ದವಡೆಯೇ ಇಲ್ಲ. ಕೆಲವು ಪತಂಗಗಳು ಕೊಕೂನೇಸ್ ಎಂಬ ಕಿಣ್ವದಿಂದ ಗೂಡಿನ ಅಂಟನ್ನು ಕರಗಿಸುತ್ತವೆಂಬುದನ್ನು ಕಫಾಟೊಸ್ ಮತ್ತು ವಿಲಿಯಮ್ಸ್ 1964ರಲ್ಲಿ ತೋರಿಸಿದರು. ಎಳೆಯ ತಿರುಳಾದ ಫೈಬ್ರೋಯಿನನ್ನು ಆ ಕಿಣ್ವ ಬಹುಮಟ್ಟಿಗೆ ಮುಟ್ಟದು. ಸಡಿಲವಾಗುವುದು ಎರಡೆಡೆಯಲ್ಲಿಯೂ ಅದೇ ಅಂಟು. ಕುದಿನೀರಿನಲ್ಲಿ ಅದರ ಫಲ ನೂಲು, ಗೂಡಿನ ತುದಿಯಲ್ಲಿ ಅದರ ಫಲ ತೂತು. ಆ ತೂತುಗೂಡು ಬಿಚ್ಚಣಿಕೆಗೆ ಬಾರದೆ ಉಳಿಕೆ ರೇಷ್ಮೆಯೊಡನೆ ಸ್ಪನ್ ನೂಲಿಗೆ ಹೋಗುತ್ತದೆ. ನೈಯಾಯಿಕರು ಉಪಮಾನವನ್ನು ಪ್ರಮಾಣಗಳಲ್ಲೊಂದೆಂದು ಎಣಿಸಿದ್ದರೂ, ಪ್ರಯೋಗಶಾಸ್ತ್ರದಲ್ಲಿ ಅದು ಪ್ರಶ್ನೆಯನ್ನು ಎತ್ತಬಲ್ಲುದೇ ಹೊರತು ಉತ್ತರವನ್ನು ಕೊಡಲಾರದು. ಗೂಡು ಎತ್ತುವ ಪ್ರಶ್ನೆ ಇದು: ಕಿಣ್ವ ಕಡಿಯಿತೆಂದು ತಿಳಿದ ಮಾತ್ರಕ್ಕೆ ಅದರ ಫಲವೇನೆಂಬುದು ತಿಳಿದಂತಾಯಿತೆ?

ವಿವಾದದ ಗಂಟು ಎಂಎಂಪಿ-9 ಎಂಬ ಕಿಣ್ವದಲ್ಲಿದೆ. ಇಲಿಗಳ ಮೇದೋಜೀರಕದ ದ್ವೀಪಕೋಶಗಳಲ್ಲಿ ಅರ್ಬುದವು ಕ್ರಮಕ್ರಮವಾಗಿ ಮೂಡುವುದನ್ನು ಪರಿಶೀಲಿಸಿದ ಬರ್ಗರ್ಸ್, ಹನಹನ್ ಮೊದಲಾದವರು 2000ದಲ್ಲಿ, ಕೋಶಗಳ ಸುತ್ತಣ ಜಾಲದಲ್ಲಿ ಸಿಲುಕಿದ್ದ ವಿಇಜಿಎಫ್ ಅನ್ನು ಈ ಕಿಣ್ವವು ಬಿಡುಗಡೆ ಮಾಡುತ್ತದೆಂದೂ, ಅದಿಲ್ಲದ ಇಲಿಗಳಲ್ಲಿ ನಾಳಜನನದ ಆರಂಭವೇ ಕುಂಠಿತವಾಗುತ್ತದೆಂದೂ ತೋರಿಸಿ, ಅದನ್ನು ನಾಳಜನನದ ಪ್ರೇರಕವೆಂದು ಕರೆದರು. ಆದರೆ ಹಮಾನೊ, ಕಲ್ಲೂರಿ ಮೊದಲಾದವರು 2003ರಲ್ಲಿ ಕಂಡುಕೊಂಡಂತೆ, ಅದೇ ಎಂಎಂಪಿ-9 ನಾಳದ ತಳಪೊರೆಯ ನಾಲ್ಕನೆಯ ಬಗೆಯ ಕೊಲಾಜೆನನ್ನು ಕಡಿದಾಗ ಟಮ್‌ಸ್ಟಾಟಿನ್ ಎಂಬ ತುಣುಕು ಹುಟ್ಟುತ್ತದೆ. ಆ ತುಣುಕು ನಾಳಜನನವನ್ನು ತಡೆಯುತ್ತದೆ. ಕಿಣ್ವವಿಲ್ಲದ ಇಲಿಗಳಲ್ಲಿ ಟಮ್‌ಸ್ಟಾಟಿನ್ ಕಡಮೆಯಾಗಿ, ನಾಟಿ ಮಾಡಿದ ಅರ್ಬುದವು ಇನ್ನೂ ವೇಗವಾಗಿ ಬೆಳೆಯಿತು. ಇದು ಒಂಟಿ ಸಾಕ್ಷಿಯಲ್ಲ. ಪ್ಲಾಸ್ಮಿನೋಜೆನ್ನಿನ ತುಣುಕಾದ ಆಂಜಿಯೋಸ್ಟಾಟಿನ್ 1994ರಲ್ಲಿಯೂ, ಹದಿನೆಂಟನೆಯ ಬಗೆಯ ಕೊಲಾಜೆನ್ನಿನ ತುಣುಕಾದ ಎಂಡೋಸ್ಟಾಟಿನ್ 1997ರಲ್ಲಿಯೂ ಫೋಕ್‌ಮನ್ನರ ಪ್ರಯೋಗಶಾಲೆಯಿಂದಲೇ ಹೊರಬಂದವು. ಎರಡೂ ನಾಳಜನನವನ್ನು ತಡೆಯುವಂಥವು, ಎರಡೂ ಕಿಣ್ವಗಳ ಕಡಿತದಿಂದ ಹುಟ್ಟುವಂಥವು.

ಎರಡು ಪಕ್ಷಗಳಲ್ಲಿ ಒಂದು ತಪ್ಪೆಂದು ತೀರ್ಮಾನಿಸುವ ಅಗತ್ಯವಿಲ್ಲ. ಮೊದಲನೆಯವರು ನೋಡಿದ್ದು ಅರ್ಬುದದ ಮೊಳಕೆಯನ್ನು, ಎರಡನೆಯವರು ನೋಡಿದ್ದು ನಾಟಿ ಮಾಡಿದ ಬೆಳೆಯನ್ನು. ಆರಂಭದಲ್ಲಿ ಈ ಕಿಣ್ವವು ಪ್ರಧಾನವಾಗಿ ಬೀಗ ತೆಗೆಯುವುದೆಂದೂ, ನಾಳಗಳು ನೆಲೆಗೊಂಡ ಬಳಿಕ ಅದರ ಕಡಿತದಿಂದ ಲಗಾಮೂ ಸಿದ್ಧವಾಗುವುದೆಂದೂ ನನ್ನ ಅಭಿಪ್ರಾಯ. ಹಾಗಿದ್ದಲ್ಲಿ, ಬಹುತೇಕ ಮುಂದುವರಿದ ರೋಗಿಗಳಿಗೆ ಕೊಟ್ಟ ಮಾರಿಮಸ್ಟಾಟ್, ಟನೊಮಸ್ಟಾಟ್ ಮೊದಲಾದ ಕಿಣ್ವರೋಧಕಗಳು ನಿರೀಕ್ಷಿತ ಫಲ ಕೊಡದುದಕ್ಕೆ, ಅವು ಲಗಾಮನ್ನೂ ಕಿತ್ತುಹಾಕಿದುದು ಒಂದು ಕಾರಣವಾಗಿದ್ದಿರಬಹುದು. ಶ್ವಾಸಕೋಶದ ಒಂದು ಬಗೆಯ ಅರ್ಬುದದಲ್ಲಿ ಟನೊಮಸ್ಟಾಟ್ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟಿತೆಂದು ಪರೀಕ್ಷೆಯನ್ನು 1999ರಲ್ಲಿ ನಿಲ್ಲಿಸಬೇಕಾಯಿತು. ಆದರೆ ಈ ಮಾತನ್ನು ಮಿತಿಗಳೊಡನೆಯೇ ಓದಬೇಕು: ಆ ಔಷಧಗಳು ಒಂದು ಕಿಣ್ವವನ್ನಲ್ಲ, ಹಲವನ್ನು ಏಕಕಾಲಕ್ಕೆ ತಡೆದವು, ಮಾರಿಮಸ್ಟಾಟಿನಿಂದ ಕೀಲುನೋವು ಬಂದು ಪ್ರಮಾಣವನ್ನು ಇಳಿಸಬೇಕಾಯಿತು, ರೋಗವು ಮುಂದುವರಿದಿದ್ದುದೇ ವಿಫಲತೆಗೆ ಸಾಕಷ್ಟು ಕಾರಣವಾಗಿದ್ದಿರಬಹುದು, ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಹಾಗೆಯೇ ನಡೆಯುವುದೆಂಬ ನಿಯಮವೂ ಇಲ್ಲ.

ಬೀಗ ತೆಗೆಯುವ ಘಟ್ಟವು ಮುಗಿದು ಲಗಾಮಿನ ಘಟ್ಟವು ಮನುಷ್ಯದೇಹದಲ್ಲಿ ಯಾವಾಗ ಮೊದಲಾಗುತ್ತದೆಂಬುದು ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರಿಗೆ ಬಾಯಿಯ ಅರ್ಬುದದ ಭೀತಿ ಹೆಚ್ಚು. ಅದನ್ನು ಮೊಳಕೆಯಿಂದ ಹಿಡಿದು ಮುಂದುವರಿದ ಸ್ಥಿತಿಯವರೆಗೆ ಕಣ್ಣಿನಿಂದಲೇ ಕಾಣಬಹುದಾದ ಕಾರಣ, ಈ ಪ್ರಶ್ನೆಗೆ ಅದಕ್ಕಿಂತ ಅನುಕೂಲವಾದ ಕ್ಷೇತ್ರ ಬೇರೆಯಿರಲಾರದು. ಅಂಥ ಅಧ್ಯಯನಕ್ಕೆ ತೊಡಗುವವರಲ್ಲಿ ಒಂದು ವಿನಂತಿ: ಕಿಣ್ವ ಎಷ್ಟಿದೆಯೆಂದು ಅಳೆದು ಅಲ್ಲಿಗೆ ನಿಲ್ಲಿಸದೆ, ಅದು ಕಡಿದ ತುಣುಕು ಯಾವುದೆಂಬುದನ್ನೂ ಅದೇ ಅಂಗಾಂಶದಲ್ಲಿ ಅಳೆಯಬೇಕು.