ಹನ್ನೊಂದರಿಂದ ಶುರುವಾದ ಲೆಕ್ಕ

ಹೋದ ವರ್ಷ ಮಳೆ ಹಿಡಿಯುವ ಮೊದಲು ಕಳಸದ ಹತ್ತಿರದ ನಮ್ಮ ತೌರುಮನೆಯಲ್ಲಿ ಅಟ್ಟದ ಹಲಗೆ ಬದಲಿಸುವ ಕೆಲಸ ನಡೆದಿತ್ತು. ಅಣ್ಣ ಫೋನು ಮಾಡಿದ. "ಮೇಲೆ ನಿನ್ನದೊಂದು ಟ್ರಂಕು ಇದೆ ಮಾರಾಯ್ತಿ. ಬಂದು ನೋಡು. ಇಲ್ಲದಿದ್ದರೆ ಬಚ್ಚಲ ಒಲೆಗೆ ಆಗುತ್ತೆ."

ಟ್ರಂಕಿನೊಳಗೆ ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಟ್ಟ ನನ್ನ ಚಿತ್ರಕಥೆಗಳಿದ್ದವು. ಅವುಗಳನ್ನು ಕಂಡು ಮೊದಲು ಆದದ್ದು ಸಂತೋಷವಲ್ಲ, ನಾಚಿಕೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಪ್ಪತ್ತರ ದಶಕದಲ್ಲಿ ನಮ್ಮ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಹಣ ಒಂದೇ ಸಲ ಬಾರದು, ಕಂತು ಕಂತಾಗಿ ಬರುತ್ತಿತ್ತು. ಕಂತು ಬಂದಾಗಲೆಲ್ಲ ಅಪ್ಪಯ್ಯ ಚಿಕ್ಕಮಗಳೂರಿಗೆ ಹೋಗಿ ಬರುವರು. ಚೀಲದಲ್ಲಿ ಅಮ್ಮನಿಗೆ ಸಾಸಿವೆ, ಮೆಣಸಿನಕಾಯಿ, ನಮಗೆ ಒಂದು 'ಚಂದಮಾಮ', ಒಂದು ಅಮರ ಚಿತ್ರಕಥೆ. ಮಳೆ ಜೋರಾದರೆ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದ ಕಾಲ. ದಿನಗಟ್ಟಲೆ ಮನೆಯೊಳಗೇ ಕೂತು ಅದೇ ಪುಸ್ತಕಗಳನ್ನು ಮತ್ತೆ ಮತ್ತೆ ಓದಿದವರು ನಾವು.

ಅಣ್ಣ ಓದಿ ಬಿಸಾಡಿದರೆ ನಾನು ಜೋಡಿಸಿಡುವವಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದಿದ್ದೆ. ಕುದುರೆಮುಖದ ಗಣಿ ಕಂಪನಿ ಶುರುವಾಗಿ ಅಲ್ಲೊಂದು ಊರೇ ಎದ್ದ ಮೇಲೆ, ಅಲ್ಲಿಂದ ಬರುತ್ತಿದ್ದ ಗೆಳತಿಯೊಬ್ಬಳ ಬಳಿ ಇಂಗ್ಲಿಷಿನ ಪ್ರತಿಗಳನ್ನು ಕಂಡೆ. ಅದರಲ್ಲಿದ್ದ ಪುಸ್ತಕಗಳ ಪಟ್ಟಿ ನನ್ನ ನಿದ್ದೆ ಕೆಡಿಸಿತು. 11 ಕೃಷ್ಣ, 12 ಶಕುಂತಲಾ, 13 ಪಾಂಡವರು, 14 ಸಾವಿತ್ರಿ... ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಅಪ್ಪಯ್ಯನಿಗೆ ಗೊತ್ತಿರಲಿಲ್ಲ, ಮೇಷ್ಟ್ರಿಗೂ ಗೊತ್ತಿರಲಿಲ್ಲ. "ಇದ್ದದ್ದನ್ನು ಓದು ಕಣೇ, ಇಲ್ಲದ್ದರ ಚಿಂತೆ ಯಾಕೆ?" ಎಂದು ಅಮ್ಮ ಒಗ್ಗರಣೆ ಹಾಕುತ್ತ ಹೇಳಿದ್ದಳು.

1990ರಲ್ಲಿ ನನ್ನ ಮದುವೆಯಾಯಿತು. ಪಾತ್ರೆಗೆ, ಸೀರೆಗೆ, ಹೊಲಿಗೆ ಮಿಷನ್ನಿಗೆ ಜಾಗವಿದ್ದ ಜೀಪಿನಲ್ಲಿ ಚಿತ್ರಕಥೆಗೆ ಜಾಗವಿರಲಿಲ್ಲ. ಗಂಡುಮಕ್ಕಳು ಅಂಚೆಚೀಟಿಯನ್ನೋ ನಾಣ್ಯವನ್ನೋ ಕೂಡಿಟ್ಟರೆ ಅದು ಹವ್ಯಾಸ, ಹೆಣ್ಣುಮಕ್ಕಳು ಮದುವೆಯಾದ ಮೇಲೂ ಕೂಡಿಟ್ಟರೆ ಅದು ಹುಡುಗಾಟ. ಈ ಮಾತನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥಮಾಡಿಕೊಂಡೆ. ಬಾಣಂತನಕ್ಕೆ ಬಂದಾಗ ಪುಸ್ತಕಗಳನ್ನು ಕೇಳಿದೆ. "ಲೈನಿನ ಮಕ್ಕಳು ಕೇಳಿದವು, ಕೊಟ್ಟೆ" ಎಂದಳು ಅಮ್ಮ. ಎಷ್ಟು ಕೊಟ್ಟೆ ಎಂದು ನಾನು ಕೇಳಲಿಲ್ಲ, ಎಲ್ಲವೂ ಹೋಯಿತೆಂದೇ ತಿಳಿದೆ. ಆಮೇಲೆ ಎಷ್ಟೋ ವರ್ಷ ಸಮಯ ಸಿಕ್ಕಾಗಲೆಲ್ಲ ಅದನ್ನೇ ಎತ್ತಿ ಆಡಿದೆ. ಅವಳು ತಿರುಗಿ ಮಾತಾಡಲಿಲ್ಲ. ಈಗ ಅವಳಿಲ್ಲ.

ಟ್ರಂಕಿನಲ್ಲಿ 43 ಪುಸ್ತಕಗಳಿದ್ದವು. ತಳದಲ್ಲಿ ನನ್ನ ಕ್ಯಾಲೆಂಡರು. ಪಟ್ಟಿಯಲ್ಲಿ 68 ಹೆಸರು. ಕೊಟ್ಟದ್ದು 25 ಮಾತ್ರ. ಉಳಿದವನ್ನು ಅವಳು ಗೆದ್ದಲು ಹತ್ತದಂತೆ, ಬೂಷ್ಟು ಹಿಡಿಯದಂತೆ ಅಡಿಗೆಮನೆಯ ಹೊಗೆ ತಾಗುವ ಕಡೆಯ ಅಟ್ಟದಲ್ಲಿ ಇಟ್ಟಿದ್ದಳು. ನಮ್ಮ ಮಳೆಯ ಊರಿನಲ್ಲಿ ಕಾಗದ ಇಷ್ಟು ವರ್ಷ ಉಳಿಯಬೇಕಾದರೆ ಯಾರೋ ಕಾಯಬೇಕು.

ಆ 25ನ್ನು ಮತ್ತೆ ಕೂಡಿಸುವ ಹುಚ್ಚು ಹತ್ತಿದ್ದು ಹೀಗೆ. ಬೆಂಗಳೂರಿನ ಮಗಳ ಮನೆಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂರತೊಡಗಿದೆ. ಬೇರೆಯಾದ ಕಾಲದಲ್ಲಿ ಪುಸ್ತಕಗಳೂ ಬೇರೆಯಾಗಿದ್ದವು. ಮರುಮುದ್ರಣದಲ್ಲಿ 'ಕೃಷ್ಣ'ನ ಸಂಖ್ಯೆ 501 ಆಗಿದೆ, ಕಾಗದ ದಪ್ಪವಾಗಿದೆ. 'ಚಂದಮಾಮ' 2013ರಲ್ಲೇ ನಿಂತುಹೋಗಿದೆ. ಅದರ ಬೇತಾಳನನ್ನು ಬರೆದ ಶಂಕರ್ 2020ರಲ್ಲಿ ತೀರಿಕೊಂಡರು.

ಹುಡುಕುತ್ತ ಹೋದಾಗ ನನ್ನ ಬಾಲ್ಯದ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಮರ ಚಿತ್ರಕಥೆ ಎಂದರೆ ಎಲ್ಲರಿಗೂ ನೆನಪಾಗುವುದು ಅನಂತ ಪೈ. ಅವರು ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಕಳಸದಿಂದ ಕುದುರೆಮುಖ ಹಾದು ಘಾಟಿ ಇಳಿದರೆ ಸಿಗುವ ಊರು! ಎಳವೆಯಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡು, 12ನೆಯ ವಯಸ್ಸಿಗೆ ಮುಂಬಯಿ ಸೇರಿದ ಹುಡುಗ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್ ಶುರುವಾದಾಗ ಅಲ್ಲಿದ್ದರು. 1967ರಲ್ಲಿ ದೆಹಲಿಯಲ್ಲಿ ಟೀವಿಯ ರಸಪ್ರಶ್ನೆಯೊಂದನ್ನು ನೋಡಿದರಂತೆ. ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ನಮ್ಮ ಕಥೆಗಳ ಚಿತ್ರಪುಸ್ತಕ ತರಬೇಕೆಂಬ ಹಟ ಹುಟ್ಟಿದ್ದು ಅಲ್ಲಿ. 1980ರಲ್ಲಿ 'ಟಿಂಕಲ್' ಶುರುಮಾಡಿದವರೂ ಅವರೇ. 2011ರ ಫೆಬ್ರವರಿಯಲ್ಲಿ ತೀರಿಕೊಂಡರು.

ಆದರೆ 'ಅಮರ ಚಿತ್ರಕಥೆ' ಎಂಬ ಹೆಸರು ಅದಕ್ಕೂ ಹಳೆಯದು. 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಎಂಬವರು ಕನ್ನಡದ ಮಕ್ಕಳಿಗೆ ಚಿತ್ರಕಥೆ ಬೇಕೆಂದು ಮಾಲೀಕರನ್ನು ಒಪ್ಪಿಸಿದರು. ಆಗ ಬಂದದ್ದು ಸಿಂಡರೆಲಾಳಂಥ ಪರದೇಶದ ಕಥೆಗಳು, ಕನ್ನಡದ ಮಾತು ತೊಟ್ಟು ಬಂದವು. ಅನಂತರಾಮ್ ಅವರೇ ಹೇಳಿಕೊಂಡಿರುವಂತೆ ಮೊದಲ ಅಮರ ಚಿತ್ರಕಥೆಗಳು ಬಂದದ್ದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಅಲ್ಲ. ಆ ಹತ್ತರ ಲೆಕ್ಕ ಬಿಟ್ಟು, ಅನಂತ ಪೈ ಅವರ 'ಕೃಷ್ಣ' ರಾಮ್ ವಾಯೀರ್ಕರ್ ಅವರ ಚಿತ್ರಗಳೊಂದಿಗೆ 11ನೆಯದಾಗಿ ಬಂತು.

ನಾನು ಗೆಳತಿಯ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕುತ್ತಿದ್ದ ಹತ್ತು, ನನ್ನದೇ ಭಾಷೆಯವು! ಇಂಗ್ಲಿಷೇ ಮೂಲ, ನಮ್ಮದು ಬರೀ ನಕಲು ಎಂದುಕೊಂಡಿದ್ದೆನಲ್ಲ ಎಂದು ಅವತ್ತು ರಾತ್ರಿ ಒಬ್ಬಳೇ ನಕ್ಕೆ. ಆ ಹತ್ತರಲ್ಲಿ ಒಂದನ್ನೂ ಇದುವರೆಗೆ ಕಣ್ಣಾರೆ ಕಂಡಿಲ್ಲ.

ಈಗ ಓದುವಾಗ ಬೇರೆ ಸಂಗತಿಗಳೂ ಕಾಣುತ್ತವೆ. ಮೊದಮೊದಲ ಪುಸ್ತಕಗಳ ನಾಯಕಿಯರು ಶಕುಂತಲೆ, ಸಾವಿತ್ರಿ, ದಮಯಂತಿ. ಎಲ್ಲರೂ ಗಂಡನಿಗಾಗಿ ಕಾದವರು, ಕಷ್ಟಪಟ್ಟವರು. ಕತ್ತಿ ಹಿಡಿದ ಉಳ್ಳಾಲದ ಅಬ್ಬಕ್ಕ, ಕಿತ್ತೂರಿನ ರಾಣಿ ಆಮೇಲೆ ಬಂದರು. ಬರೆಯುವವರಲ್ಲಿ ಕಮಲಾ ಚಂದ್ರಕಾಂತ್ ಎಂಬ ಹೆಂಗಸೂ ಇದ್ದರು, 'ಮೀರಾಬಾಯಿ' ಅವರದು. ಹುಡುಗಿಯಾಗಿದ್ದಾಗ ಬರೆದವರ ಹೆಸರು ಓದುವ ಅಭ್ಯಾಸವೇ ಇರಲಿಲ್ಲ.

ಹಳೇ ಪುಸ್ತಕದ ವ್ಯಾಪಾರಿಯೊಬ್ಬರಿಗೆ ನನ್ನ 43ರಲ್ಲಿ ಕೆಲವನ್ನು ತೋರಿಸಿದೆ. ಪುಟ ತಿರುವಿದರು, ಪಿನ್ನಿನ ತುಕ್ಕು ನೋಡಿದರು. 'ಸಾವಿತ್ರಿ'ಯ ಮೇಲೆ ಅರಿಶಿನದ ಹೆಬ್ಬೆರಳ ಗುರುತು ಕಂಡು, "ಕಲೆ ಇದೆಯಮ್ಮಾ, ಅರ್ಧ ಬೆಲೆಯೂ ಬರಲಿಕ್ಕಿಲ್ಲ" ಎಂದರು. ಆ ಗುರುತನ್ನು ನಾನು ಆವರೆಗೆ ಗಮನಿಸಿರಲಿಲ್ಲ. ಮನೆಗೆ ಬಂದು ಎಲ್ಲ ಪುಸ್ತಕಗಳನ್ನೂ ಬೆಳಕಿಗೆ ಹಿಡಿದೆ. ಒಂಬತ್ತರಲ್ಲಿ ಅದೇ ಹಳದಿ ಗುರುತು, ಪುಟ ತಿರುಗಿಸುವ ಮೂಲೆಯಲ್ಲಿ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಚಿತ್ರಕಥೆ ಹಿಡಿದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. "ಮಕ್ಕಳ ಪುಸ್ತಕ" ಎಂದೇ ಅನ್ನುತ್ತಿದ್ದಳು. ನಾವು ಶಾಲೆಗೆ ಹೋದ ಮೇಲೆ ಓದುತ್ತಿದ್ದಳೋ, ಕೆಲಸದ ನಡುವೆ ಓದುತ್ತಿದ್ದಳೋ, ಕೇಳಲು ಈಗ ಯಾರಿದ್ದಾರೆ? ಆದರೆ ಆ ಮನೆಯಲ್ಲಿ ಅರಿಶಿನದ ಕೈ ಇನ್ನೊಂದಿರಲಿಲ್ಲ. ನನ್ನ ಪುಸ್ತಕ ಕೊಟ್ಟುಬಿಟ್ಟಳೆಂದು ನಾನು ದೂರಿದೆನಲ್ಲ, ಅವು ಅವಳವೂ ಆಗಿದ್ದವು.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಟ್ರಂಕು ಇದ್ದೀತು. ಮಳೆಗೆ ಮುಂಚೆ ಒಮ್ಮೆ ಇಳಿಸಿ ನೋಡಿ. 1965ರ ಕನ್ನಡದ ಹತ್ತರಲ್ಲಿ ಒಂದು ಸಿಕ್ಕರೂ ಸಿಗಬಹುದು.

25ರಲ್ಲಿ ಈವರೆಗೆ ಏಳು ಸಿಕ್ಕಿವೆ. ಅವನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟಿದ್ದೇನೆ. 'ಸಾವಿತ್ರಿ'ಯನ್ನು ಮಾತ್ರ ಹಾಗೇ ಹೊರಗೆ, ಅಡಿಗೆಮನೆಯ ಕಿಟಕಿಯ ಹಲಗೆಯ ಮೇಲೆ ಇಟ್ಟುಕೊಂಡಿದ್ದೇನೆ. ಒಗ್ಗರಣೆ ಸಿಡಿದರೆ ಸಿಡಿಯಲಿ.